ಅಂಗೈಯಗಲದ ಚರಿತ್ರೆ

ಟಯರಿನ ಪಕ್ಕೆಯಲ್ಲಿ ಉಬ್ಬಚ್ಚಿನ ನಾಲ್ಕು ಅಂಕಿಗಳಿದ್ದವು: 2304. ಗ್ಯಾರೇಜಿನ ತಣ್ಣನೆಯ ಸಿಮೆಂಟು ನೆಲದ ಮೇಲೆ ಮಂಡಿಯೂರಿ, ಮೊಬೈಲಿನ ಬೆಳಕು ಹಾಯಿಸಿ, ಅದನ್ನು ಗಟ್ಟಿಯಾಗಿ ಓದಿದೆ.

“ಎಂತ ಅದು, ಮಾಡೆಲ್ ನಂಬರಾ?” ಎಂದರು ಡಾಕ್ಟರ್ ಮಾವ.

“ಅಲ್ಲ ಮಾವ, ಟಯರ್ ಹುಟ್ಟಿದ ತಾರೀಕು. 2004ನೇ ಇಸವಿಯ 23ನೇ ವಾರ.”

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. “ಜೂನ್,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆಗ ಅವಳಿದ್ದಳು,” ಎಂದರು.

ಡಾಕ್ಟರ್ ಮಾವ ನನಗೆ ನೆಂಟರೇನಲ್ಲ. ಪುತ್ತೂರಿನ ಕಡೆಯವರು, ನನ್ನ ದೊಡ್ಡಪ್ಪನ ಸಹಪಾಠಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಸುಳ್ಯದವಳು. ಅವರ ಊರಿಗೆ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ರಬ್ಬರಿನ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ತಿಂಗಳಿಗೊಂದು ಭಾನುವಾರ ಅವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಹಪ್ಪಳ, ಊರಿನ ಮಾತು. ಊಟವಾದ ಮೇಲೆ ಗ್ಯಾರೇಜಿಗೆ ಹೋಗಿ ಅವರ ಕಾರನ್ನು ನೋಡುವುದು ಒಂದು ಪದ್ಧತಿಯೇ ಆಗಿಬಿಟ್ಟಿತ್ತು.

ಆ ಕಾರಿನ ಹೆಸರು ಕೇಟರ್‌ಹ್ಯಾಮ್ ಸೆವೆನ್. ಉದ್ದ ಮೂತಿ, ಮೈಯಿಂದ ಹೊರಗೆ ಚಾಚಿದ ಚಕ್ರಗಳು, ಅವುಗಳ ಮೇಲೆ ಬೇರೆಯಾಗಿ ಕೂರಿಸಿದ ಮಡ್‌ಗಾರ್ಡುಗಳು. ಗಟ್ಟಿ ಬಾಗಿಲಿಲ್ಲ, ತಲೆಯ ಮೇಲೆ ತಗಡಿಲ್ಲ. ನೋಡಿದರೆ 1950ರ ದಶಕದ ಕಪ್ಪು-ಬಿಳುಪು ಸಿನಿಮಾದಿಂದ ಇಳಿದು ಬಂದಂತಿದೆ. ಆದರೆ ಅದು ಹುಟ್ಟಿದ್ದು 1994ರಲ್ಲಿ, ಇದೇ ಗ್ಯಾರೇಜಿನಲ್ಲಿ. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದಿದ್ದವು. ಒಂದು ಇಡೀ ಚಳಿಗಾಲ ಗಂಡ ಹೆಂಡತಿ ಕೂತು ಜೋಡಿಸಿದರು. ಅತ್ತೆ ತೀರಿಕೊಂಡದ್ದು 2006ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಇಬ್ಬರೂ ಸ್ಕಾಟ್ಲೆಂಡಿಗೆ ಹೋಗಿ ಬರಲೆಂದು ಹಾಕಿಸಿದ ಟಯರುಗಳೇ ನಾನು ನೋಡುತ್ತಿದ್ದವು. ಆಮೇಲೆ ಕಾರು ಪೇಟೆಯ ಆಚೆ ಹೋದದ್ದೇ ಅಪರೂಪ.

ಈಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಡಾಕ್ಟರ್ ಮಾವ ಲೆಸ್ಟರ್‌ಶೈರಿನ ಮ್ಯಾಲರಿ ಪಾರ್ಕ್ ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಲು ಹೆಸರು ಕೊಟ್ಟಿದ್ದರು. ಸ್ಪರ್ಧೆಯಲ್ಲ, ದುಡ್ಡು ಕಟ್ಟಿ ಯಾರು ಬೇಕಾದರೂ ತಮ್ಮ ಕಾರನ್ನು ಟ್ರ್ಯಾಕಿಗೆ ಇಳಿಸುವ ‘ಟ್ರ್ಯಾಕ್ ಡೇ’.

“ನೀನು ರಬ್ಬರಿನ ಚರಿತ್ರೆ ಓದುವವಳಲ್ವಾ? ಈ ಕಾರಿಗೆ ಯಾವ ಟಯರ್ ಸರಿ ಅಂತ ಹೇಳು ನೋಡುವ,” ಎಂದರು.

ಐದು ನಿಮಿಷದ ಕೆಲಸ ಅಂದುಕೊಂಡೆ. ಎರಡು ತಿಂಗಳು ಹಿಡಿಯಿತು. ಉತ್ತರ ಹುಡುಕುತ್ತಾ ಹೋದ ಹಾಗೆ, ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಆ ನಾಲ್ಕು ಟಯರುಗಳಲ್ಲಿದೆ ಅನ್ನಿಸತೊಡಗಿತು. ಹಳೆಯದನ್ನು ಉಳಿಸಿಕೊಳ್ಳುವುದು ಅಂದರೆ ಯಾವ ಹಳೆಯದನ್ನು?

*

ಮೊದಲ ತಕರಾರು ಇದ್ದದ್ದು ಟಯರ್ ಬದಲಿಸಬೇಕೇ ಎಂಬುದರ ಬಗ್ಗೆಯೇ. ಮಾವನ ವಾದ ಸರಳವಾಗಿತ್ತು. ಕಾರು ಹೆಚ್ಚು ಓಡಿಲ್ಲ, ಟಯರ್ ಸವೆದಿಲ್ಲ. ಬ್ರಿಟನ್ನಿನ ಕಾನೂನು ಕೇಳುವುದು 1.6 ಮಿಲಿಮೀಟರ್ ಆಳದ ಗೀರು. ಇವುಗಳಲ್ಲಿ ಅದರ ಮೂರರಷ್ಟಿತ್ತು.

ಆದರೆ ರಬ್ಬರಿಗೆ ಸವೆತ ಬೇರೆ, ಮುಪ್ಪು ಬೇರೆ. ಮರದಿಂದ ಇಳಿದ ರಬ್ಬರು ಸೆಕೆಗೆ ಅಂಟು ಅಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಎರಡೂ ತೊಂದರೆ ನೀಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ರಬ್ಬರಿನ ಉದ್ದುದ್ದ ಅಣುಗಳ ನಡುವೆ ಗಂಧಕ ಕೊಂಡಿ ಹಾಕುತ್ತದೆ. ಆ ಕೊಂಡಿಗಳಿಂದಲೇ ಟಯರು ಬಾಗಿ ಮತ್ತೆ ನೆಟ್ಟಗಾಗುವುದು. ಆದರೆ ಗಾಳಿಯ ಆಮ್ಲಜನಕ ಮತ್ತು ಓಝೋನ್ ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಕಾರು ನಿಂತಿದ್ದರೂ ರಬ್ಬರು ಗಟ್ಟಿಯಾಗುತ್ತಾ ಹೋಗುತ್ತದೆ, ಮೆದುವಾಗಿಡುವ ಎಣ್ಣೆ ಆರುತ್ತದೆ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಲಾರಿ, ಬಸ್ಸುಗಳ ಮುಂದಿನ ಚಕ್ರಗಳಿಗೆ ಹತ್ತು ವರ್ಷಕ್ಕಿಂತ ಹಳೆಯ ಟಯರ್ ಹಾಕುವಂತಿಲ್ಲ. ಖಾಸಗಿ ಕಾರುಗಳಿಗೆ ಈ ನಿಯಮವಿಲ್ಲ. ಅಲ್ಲಿ ತೀರ್ಮಾನ ಯಜಮಾನನದ್ದೇ.

ನಾನು ಉಗುರಿನಿಂದ ಒತ್ತಿ ತೋರಿಸಿದೆ. ಗುರುತೇ ಬೀಳಲಿಲ್ಲ. ಡಾಕ್ಟರ್ ಮಾವನೂ ಒತ್ತಿದರು. ಆಮೇಲೆ ಬಾಗಿ ಪಕ್ಕೆಯ ಬಿರುಕುಗಳನ್ನು ಕನ್ನಡಕ ಏರಿಸಿ ನೋಡಿದರು. ರೋಗಿಯನ್ನು ನೋಡುವ ಅಭ್ಯಾಸ ಅದು.

“ಹೊರಗಿಂದ ಗುಂಡುಕಲ್ಲು, ಒಳಗೆ ರಕ್ತನಾಳ ಗಟ್ಟಿ,” ಎಂದರು. “ಇಂಥವರನ್ನು ಎಷ್ಟು ಜನ ನೋಡಿಲ್ಲ ನಾನು.”

ಆ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಹಳೆಯ ಕಾರಿನಲ್ಲಿ ಬಹುಪಾಲು ಎಲ್ಲವನ್ನೂ ಹಳೆಯದಾಗಿಯೇ ಉಳಿಸಿಕೊಳ್ಳಬಹುದು. ಚಾಸಿ, ಎಂಜಿನ್, ಸ್ಟಿಯರಿಂಗು, ಸೀಟಿನ ಚರ್ಮ ಇವೆಲ್ಲ ಅರವತ್ತು, ಎಪ್ಪತ್ತು ವರ್ಷ ಬಾಳುತ್ತವೆ. ಟಯರಿಗೆ ಆ ಭಾಗ್ಯವಿಲ್ಲ. ಕಾರು ಓಡಬೇಕಾದರೆ ಅದು ಹೊಸದಾಗಿರಲೇಬೇಕು. ಅಂದರೆ ಹಳೆಯ ಕಾರಿನ ಯಜಮಾನ ಎಂಟು ಹತ್ತು ವರ್ಷಕ್ಕೊಮ್ಮೆ ಚರಿತ್ರೆಯ ಬಗ್ಗೆ ಒಂದು ತೀರ್ಮಾನ ಮಾಡಲೇಬೇಕು, ಇಷ್ಟವಿರಲಿ ಇಲ್ಲದಿರಲಿ.

ನಮ್ಮ ಓಲೆಗರಿಗಳ ಕತೆಯೂ ಇದೇ ಅಲ್ಲವೇ? ಗರಿ ಹುಳ ಹಿಡಿಯುತ್ತದೆ, ಮಳೆಗಾಲದ ತೇವಕ್ಕೆ ಮುರಿಯುತ್ತದೆ. ಕಾವ್ಯ ಉಳಿಯಬೇಕಾದರೆ ಯಾರಾದರೂ ಹೊಸ ಗರಿಯ ಮೇಲೆ ಪ್ರತಿ ಮಾಡಬೇಕು. ಪ್ರತಿ ಮಾಡುವವನು ಹೆಜ್ಜೆ ಹೆಜ್ಜೆಗೂ ಆಯ್ಕೆ ಮಾಡುತ್ತಾನೆ. ಅರ್ಥವಾಗದ ಹಳೆಯ ಪದವನ್ನು ಹಾಗೇ ಬಿಡುವುದೋ, ತನ್ನ ಕಾಲದ ಪದ ಹಾಕುವುದೋ? ಇಂದು ನಾವು ಪಾಠಾಂತರ ಎಂದು ಅಡಿಟಿಪ್ಪಣಿಯಲ್ಲಿ ಕೊಡುವುದರಲ್ಲಿ ಎಷ್ಟೋ ಅಂಥ ಒಬ್ಬ ಲಿಪಿಕಾರನ ಒಂದು ಮಧ್ಯಾಹ್ನದ ತೀರ್ಮಾನ. ಟಯರ್ ಆಯ್ಕೆಯೂ ಪಾಠಾಂತರದ ಪ್ರಶ್ನೆಯೇ. ಒಂದೇ ವ್ಯತ್ಯಾಸ, ಇಲ್ಲಿ ತಪ್ಪಿದರೆ ಜೀವ ಹೋಗಬಹುದು.

*

ಹಾಗಾದರೆ ಈ ಕಾರಿನ ಮೂಲಪಾಠ ಯಾವುದು?

ಸೆವೆನ್ ಎಂಬ ಕಾರನ್ನು ರೂಪಿಸಿದವರು ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್, 1957ರಲ್ಲಿ. ಕಾರಿನ ಬಲ ಇರುವುದು ದೊಡ್ಡ ಎಂಜಿನ್ನಿನಲ್ಲಲ್ಲ, ಕಡಿಮೆ ತೂಕದಲ್ಲಿ ಎಂಬುದು ಅವರ ನಂಬಿಕೆ. ಮೊದಲ ಸೆವೆನ್ನಿನ ತೂಕ ಸುಮಾರು ಅರ್ಧ ಟನ್. ನಮ್ಮ ಮಾರುತಿ 800ಕ್ಕಿಂತಲೂ ಹಗುರ. ಆಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಹಾಗಾಗಿ ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಹುಡುಗರು ಪೆಟ್ಟಿಗೆ ತಂದು ಮನೆಯಲ್ಲೇ ಜೋಡಿಸಿ, ವಾರವೆಲ್ಲ ಅದರಲ್ಲೇ ಕೆಲಸಕ್ಕೆ ಹೋಗಿ, ವಾರಾಂತ್ಯ ಅದೇ ಕಾರಿನಲ್ಲಿ ರೇಸಿಗೆ ಹೋಗುತ್ತಿದ್ದರು. 1967ರ ‘ದಿ ಪ್ರಿಸನರ್’ ಟಿ.ವಿ. ಧಾರಾವಾಹಿಯಲ್ಲಿ ಕಾಣಿಸಿಕೊಂಡ ಮೇಲೆ ಅದರ ಹೆಸರು ಇನ್ನಷ್ಟು ಹಬ್ಬಿತು. 1973ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಊರಿನಲ್ಲಿ ಲೋಟಸ್ ಕಾರು ಮಾರುತ್ತಿದ್ದ ಗ್ರಹಾಂ ನಿಯರ್ನ್ ಕೊಂಡುಕೊಂಡರು. ಅಂದಿನಿಂದ ಇಂದಿನವರೆಗೆ ರೂಪ ಬಹುಮಟ್ಟಿಗೆ ಅದೇ. ಒಳಗಿನ ಎಂಜಿನ್, ಬ್ರೇಕು, ಸಸ್ಪೆನ್ಷನ್ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿವೆ.

ಹೀಗಾಗಿ ಮಾವನ ಕಾರಿಗೆ ಒಂದಲ್ಲ, ಮೂರು ಭೂತಕಾಲಗಳಿವೆ. ರೂಪಕ್ಕೆ 1957. ಲೋಹಕ್ಕೆ 1994. ನೆನಪಿಗೆ 2004.

ಟಯರು ಇವುಗಳಲ್ಲಿ ಯಾವುದಕ್ಕೆ ನಿಷ್ಠವಾಗಿರಬೇಕು? 1957ಕ್ಕೆ ಎಂಬುದು ನನ್ನ ಮೊದಲ ಉತ್ತರವಾಗಿತ್ತು. ಅದಕ್ಕೆ ಆ ವರ್ಷದ ಟಯರುಗಳ ಬಗ್ಗೆ ಓದತೊಡಗಿದೆ.

*

ಅಂದಿನ ರೇಸ್ ಟಯರುಗಳು ಕ್ರಾಸ್-ಪ್ಲೈ. ರಬ್ಬರಿನ ಒಳಗೆ ದಾರದ ಪದರಗಳಿರುತ್ತವೆ. ಕ್ರಾಸ್-ಪ್ಲೈಯಲ್ಲಿ ಆ ದಾರಗಳು ಓರೆಯಾಗಿ, ಒಂದು ಪದರ ಈ ಕಡೆಗೆ ಓರೆಯಾದರೆ ಮೇಲಿನದು ಆ ಕಡೆಗೆ, ಒಂದನ್ನೊಂದು ದಾಟುತ್ತಾ ಕೂತಿರುತ್ತವೆ. ಪಕ್ಕೆ ಮತ್ತು ಮೇಲ್ಮೈ ಎರಡೂ ಒಂದೇ ಹೆಣಿಗೆ. ತಿರುವಿನಲ್ಲಿ ಪಕ್ಕೆ ಬಾಗಿದರೆ ನೆಲಕ್ಕೆ ತಾಗಿದ ಮೇಲ್ಮೈಯೂ ಅದರೊಂದಿಗೆ ಮುದುಡುತ್ತದೆ. ಹಿಡಿತ ಕಡಿಮೆ. ಆದರೆ ಆ ಹಿಡಿತ ಒಮ್ಮೆಗೇ ಬಿಟ್ಟುಹೋಗುವುದಿಲ್ಲ. ಮೆಲ್ಲಗೆ, ಚಾಲಕನಿಗೆ ಗೊತ್ತಾಗುವ ಹಾಗೆ ಜಾರುತ್ತದೆ. ಹಳೆಯ ರೇಸುಗಳ ಚಿತ್ರಗಳಲ್ಲಿ ಕಾರುಗಳು ತಿರುವಿನಲ್ಲಿ ಅಡ್ಡಡ್ಡ ಜಾರುತ್ತಾ ಹೋಗುವುದು ಚಾಲಕರ ಪ್ರದರ್ಶನಪ್ರಿಯತೆಯಲ್ಲ. ಆ ಟಯರುಗಳ ಮೇಲೆ ಜೋರಾಗಿ ಹೋಗುವ ದಾರಿಯೇ ಅದು.

1957ರ ಆಗಸ್ಟ್ 4ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ ತನ್ನ ಬದುಕಿನ ಅತ್ಯುತ್ತಮ ಓಟ ಓಡಿಸಿದ್ದು ಇಂಥ ಟಯರುಗಳ ಮೇಲೆ. ವಯಸ್ಸು 46. ಒಂದು ಸುತ್ತಿಗೆ 22 ಕಿ.ಮೀ. ಮೀರಿದ ಆ ಟ್ರ್ಯಾಕಿನಲ್ಲಿ 22 ಸುತ್ತು. ಫೆರಾರಿ ತಂಡ ಟ್ಯಾಂಕ್ ತುಂಬಿಸಿ, ಗಟ್ಟಿ ಟಯರ್ ಹಾಕಿ, ನಿಲ್ಲದೆ ಓಟ ಮುಗಿಸುವ ಲೆಕ್ಕ ಹಾಕಿತ್ತು. ಫಾಂಜಿಯೊ ಮಾಸೆರಾಟಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲು ಮತ್ತು ಮೆದು ಟಯರಿನೊಂದಿಗೆ ಹೊರಟ. ನಡುವೆ ಒಮ್ಮೆ ನಿಂತು ಎರಡನ್ನೂ ಬದಲಿಸುವುದು ಯೋಜನೆ. ನಿಂತದ್ದು ಎಣಿಸಿದ್ದಕ್ಕಿಂತ ತಡವಾಯಿತು. ಹೊರಬರುವಾಗ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದ. ಆಮೇಲೆ ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿಯುತ್ತಾ ಹೋಗಿ, ಇಬ್ಬರು ಫೆರಾರಿ ಚಾಲಕರನ್ನೂ ದಾಟಿ, ನಾಲ್ಕು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಗೆದ್ದ. ಐದನೆಯ ವಿಶ್ವ ಪ್ರಶಸ್ತಿಯೂ ಅಂದೇ ಖಚಿತವಾಯಿತು. ಆ ಗೆಲುವಿನ ಬೀಜ ಟಯರ್ ಆಯ್ಕೆಯಲ್ಲಿತ್ತು.

ಅದೇ ವರ್ಷದ ಇನ್ನೊಂದು ದಿನವನ್ನು ರೇಸಿನ ಅಭಿಮಾನಿಗಳು ಅಷ್ಟು ಸಂತೋಷದಿಂದ ನೆನೆಯುವುದಿಲ್ಲ. ಮೇ 12. ಇಟಲಿಯ ಬ್ರೆಷಿಯಾದಿಂದ ರೋಮಿಗೆ ಹೋಗಿ ಮರಳುವ, ಸಾವಿರ ಮೈಲಿ ಎಂದೇ ಅರ್ಥ ಬರುವ ‘ಮಿಲೆ ಮಿಲಿಯಾ’ ರಸ್ತೆ ಓಟ. ಗುರಿ ಇನ್ನು ಸ್ವಲ್ಪವೇ ದೂರವಿದ್ದಾಗ ಗುಯಿದಿತ್ಸೊಲೊ ಎಂಬ ಊರಿನ ಹತ್ತಿರ, ನೇರ ರಸ್ತೆಯಲ್ಲಿ, ಸ್ಪೇನಿನ ಆಲ್ಫೊನ್ಸೊ ದೆ ಪೊರ್ತಾಗೊ ಓಡಿಸುತ್ತಿದ್ದ ಫೆರಾರಿಯ ಟಯರ್ ಸಿಡಿಯಿತು. ಚಾಲಕ, ಅವನ ಜೊತೆಗಿದ್ದ ಎಡ್ಮಂಡ್ ನೆಲ್ಸನ್, ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಮಿಲೆ ಮಿಲಿಯಾ ವೇಗದ ರಸ್ತೆ ಓಟವಾಗಿ ಅಲ್ಲಿಗೆ ಮುಗಿಯಿತು. ಆ ಟಯರು ಆ ವೇಗಕ್ಕೆ ತಕ್ಕದ್ದಾಗಿತ್ತೇ ಎಂಬ ಪ್ರಶ್ನೆ ಕೋರ್ಟಿಗೆ ಹೋಯಿತು. ಎಂಜೊ ಫೆರಾರಿ ವರ್ಷಗಟ್ಟಲೆ ಮೊಕದ್ದಮೆ ಎದುರಿಸಿ 1961ರಲ್ಲಿ ಖುಲಾಸೆಯಾದರು.

ಒಂದೇ ವರ್ಷದ ಈ ಎರಡು ದಿನಗಳನ್ನು ಜೊತೆಗಿಟ್ಟು ನೋಡಿದಾಗ ನನ್ನ ಮೊದಲ ಉತ್ತರ ಅಲ್ಲಾಡಿತು. 1957ಕ್ಕೆ ನಿಷ್ಠೆ ಅಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಫಾಂಜಿಯೊ ಮಾತ್ರ. ಗುಯಿದಿತ್ಸೊಲೊ ಇರಲಿಲ್ಲ. ಹಳೆಯ ಕಾಲವನ್ನು ಪ್ರೀತಿಸುವವರೆಲ್ಲ ಮಾಡುವ ತಪ್ಪನ್ನೇ, ಚರಿತ್ರೆ ಓದುವವಳಾಗಿಯೂ, ನಾನೂ ಮಾಡಿದ್ದೆ.

ಹಾಗೆಂದು ಕ್ರಾಸ್-ಪ್ಲೈ ಇಂದು ಇಲ್ಲವೆಂದಲ್ಲ. ನಿಜವಾದ ಹಳೆಯ ಕಾರುಗಳ ರೇಸುಗಳಲ್ಲಿ ಡನ್‌ಲಪ್ ಹಳೆಯ ಮಾದರಿಯಲ್ಲೇ ತಯಾರಿಸುವ ರೇಸಿಂಗ್ ಟಯರುಗಳನ್ನು ಇಂದಿಗೂ ಹಾಕುತ್ತಾರೆ. 1998ರಿಂದ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ನಡೆಯುವ ರಿವೈವಲ್ ಉತ್ಸವದಲ್ಲಿ 1966ರವರೆಗಿನ ಕಾರುಗಳು ಅಡ್ಡ ಜಾರುತ್ತಾ ಓಡುವುದನ್ನು ನೋಡಲೆಂದೇ ಜನ ಸೇರುತ್ತಾರೆ. ಅಲ್ಲಿ ಹಳೆಯ ಟಯರ್ ಎಂಬುದು ಅಲಂಕಾರವಲ್ಲ. ಆ ಕಾರುಗಳ ಚಾಸಿ, ಬ್ರೇಕು, ಚಕ್ರದ ಕೋನ ಎಲ್ಲವೂ ಆ ಮಟ್ಟದ ಹಿಡಿತಕ್ಕೆಂದೇ ಲೆಕ್ಕ ಹಾಕಿದ್ದು. ಹೊಸ ಟಯರ್ ಹಾಕಿ ಹಿಡಿತ ಹೆಚ್ಚಿಸಿದರೆ ಹಳೆಯ ಲೋಹ ತಾನು ಎಂದೂ ಹೊರದ ಭಾರವನ್ನು ಹೊರಬೇಕಾಗುತ್ತದೆ.

ಮಾವನ ಕಾರು 1957ರಂತೆ ಕಾಣುತ್ತದೆ, ಆದರೆ ಅದರ ಲೆಕ್ಕಾಚಾರ 1957ರದ್ದಲ್ಲ.

ಇಲ್ಲಿ ಇನ್ನೊಂದು ತಮಾಷೆಯನ್ನೂ ಹೇಳಬೇಕು. ಹಳೆಯ ಕಾರೆಂದರೆ ಕಪ್ಪು ಟಯರು ಎಂದು ನಾವು ತಿಳಿದಿದ್ದೇವೆ. ಆದರೆ ತೀರಾ ಮೊದಲಿನ ಕಾರುಗಳ ಟಯರು ಕಪ್ಪಾಗಿರಲಿಲ್ಲ, ಮಾಸಲು ಬಿಳಿ. ಮಸಿಯಂಥ ಕಾರ್ಬನ್ ಪುಡಿ ಬೆರೆಸಿದರೆ ರಬ್ಬರು ಬೇಗ ಸವೆಯುವುದಿಲ್ಲ ಎಂಬುದು ಬಳಕೆಗೆ ಬಂದದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. ಗಾಳಿ ತುಂಬಿದ ಟಯರಿಗೂ ಇಂಥದೇ ಕತೆ ಇದೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ. ಆಮೇಲೆ ನೋಡಿದರೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲೇ ಅದನ್ನು ಕಂಡುಹಿಡಿದು ಪೇಟೆಂಟ್ ಮಾಡಿಸಿದ್ದ, ಲೋಕ ಮರೆತಿತ್ತು. ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ‘ಮೂಲ’ ಎಂದು ಕೈಯಿಟ್ಟಲ್ಲೆಲ್ಲ ಅದರ ಹಿಂದೆ ಇನ್ನೊಂದು ಮೂಲ ಇರುತ್ತದೆ.

*

ಹಾಗಾದರೆ ಎದುರಿನ ತುದಿ, ಇವತ್ತಿನ ಅತ್ಯಂತ ಜೋರಿನ ಟಯರು?

ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಮಾಡಿಸಿ 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್ ಟಯರಿನಲ್ಲಿ ದಾರಗಳು ಓರೆಯಾಗಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯುತ್ತವೆ, ಮೇಲ್ಮೈಯ ಕೆಳಗೆ ಉಕ್ಕಿನ ತಂತಿಗಳ ಪಟ್ಟಿ ಬೇರೆಯಾಗಿ ಇರುತ್ತದೆ. ಪಕ್ಕೆ ಬಾಗಿದರೂ ಮೇಲ್ಮೈ ನೆಲಕ್ಕೆ ಚಪ್ಪಟೆಯಾಗಿ ಕೂತಿರುತ್ತದೆ. ಹಿಡಿತ ಹೆಚ್ಚು, ಬಾಳಿಕೆ ಹೆಚ್ಚು. ಆದರೆ ಹಿಡಿತ ಬಿಡುವಾಗ ಕ್ರಾಸ್-ಪ್ಲೈಯಷ್ಟು ಮುನ್ಸೂಚನೆ ಕೊಡುವುದಿಲ್ಲ. ಗೀರುಗಳೇ ಇಲ್ಲದ ‘ಸ್ಲಿಕ್’ ಟಯರುಗಳು ಫಾರ್ಮುಲಾ ಒನ್‌ಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ಒಣ ನೆಲದಲ್ಲಿ ಗೀರಿಗೆ ಕೆಲಸವಿಲ್ಲ, ರಬ್ಬರು ಎಷ್ಟು ತಾಗಿದರೆ ಅಷ್ಟು ಲಾಭ. ಈ ಎರಡರ ಮಗುವೇ ಇಂದಿನ ಟ್ರ್ಯಾಕ್ ಡೇ ಹವ್ಯಾಸಿಗಳು ಬಯಸುವ ಸೆಮಿ-ಸ್ಲಿಕ್. ರಸ್ತೆ ಕಾನೂನು ಒಪ್ಪುವಷ್ಟೇ ಗೀರು, ಉಳಿದದ್ದೆಲ್ಲ ಮೆದು ರಬ್ಬರು. ಟಯರಿನ ಪಕ್ಕೆಯಲ್ಲಿ ಸವೆತಕ್ಕೆ ಒಂದು ಅಂಕಿ ಅಚ್ಚು ಹಾಕುವ ಅಮೆರಿಕದ ಪದ್ಧತಿ ಉಂಟು. ಮನೆಮಂದಿ ಓಡಾಡುವ ಕಾರಿನ ಟಯರಿಗೆ ಅದು 300, 400, ಇನ್ನೂ ಹೆಚ್ಚು. ಸೆಮಿ-ಸ್ಲಿಕ್‌ಗೆ 100 ಅಥವಾ ಅದಕ್ಕೂ ಕೆಳಗೆ. ಅಂಕಿ ಇಳಿದಷ್ಟೂ ಬೇಗ ಸವೆಯುತ್ತದೆ. ಸಾಮಾನ್ಯವಾಗಿ ಅಷ್ಟೇ ಹೆಚ್ಚು ಹಿಡಿಯುತ್ತದೆ ಕೂಡ.

ಮಾವ ಇದರ ಕಡೆಗೇ ವಾಲಿದ್ದರು. “ಹಿಡಿತ ಜಾಸ್ತಿ ಇದ್ದರೆ ಕ್ಷೇಮ ಅಲ್ವಾ ಮಾರಾಯ್ತಿ?”

ಕೇಳಿದರೆ ಹೌದು ಅನ್ನಿಸುತ್ತದೆ. ಎರಡು ಅಡ್ಡಿಗಳಿವೆ. ಮೊದಲನೆಯದು ಬಿಸಿ. ಮೆದು ರಬ್ಬರು ಚೆನ್ನಾಗಿ ಅಂಟಿಕೊಳ್ಳುವುದು ಬಿಸಿಯೇರಿದ ಮೇಲೆ. ಟಯರಿಗೆ ಬಿಸಿ ಏರುವುದು ಅದು ಬಾಗಿ, ಉಜ್ಜಿ, ತೂಕ ಹೊತ್ತು ದುಡಿದಾಗ. ಸೆವೆನ್ ಹಗುರ ಕಾರು. ಭಾರದ ಕಾರಿಗೆಂದು ಮಾಡಿದ ಟಯರು ಇದರ ಕೆಳಗೆ ದುಡಿಯುವುದೇ ಇಲ್ಲ, ಇಡೀ ದಿನ ಅರೆ ತಣ್ಣಗೇ ಉಳಿಯಬಹುದು. ಮಾಮೂಲಿ ಕಾರಿಗೆ 30ರ ಆಚೆ ಗಾಳಿ ಹಿಡಿಸುವವರು ಸೆವೆನ್ನಿಗೆ 18 ಪೌಂಡಿನ ಆಸುಪಾಸು ಹಿಡಿಸುವುದು ಇದೇ ಕಾರಣಕ್ಕೆ. ಹೊರುವ ಭಾರ ಕಡಿಮೆ, ಹಾಗಾಗಿ ಗಾಳಿಯೂ ಕಡಿಮೆ. ಅಷ್ಟು ಗಾಳಿಯಲ್ಲಿ ಒಂದೊಂದು ಟಯರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಕಾರು, ಅದರೊಳಗಿನ ಜೀವ, ಅದರ ಹಿಂದಿನ ಅಷ್ಟೂ ಚರಿತ್ರೆ ನಾಲ್ಕು ಅಂಗೈಗಳ ಮೇಲೆ ನಿಂತಿದೆ.

ಎರಡನೆಯದು ಇನ್ನೂ ಮುಖ್ಯ. ಹಿಡಿತ ಹೆಚ್ಚಾದಷ್ಟೂ ಅದು ತಪ್ಪುವಾಗಿನ ವೇಗವೂ ಹೆಚ್ಚು. ಸಾಧಾರಣ ಟಯರು ಗಂಟೆಗೆ 80 ಕಿ.ಮೀ.ಗೆ ಜಾರುವ ತಿರುವಿನಲ್ಲಿ ಒಳ್ಳೆಯ ಸೆಮಿ-ಸ್ಲಿಕ್ 90 ದಾಟುವವರೆಗೆ ಸುಮ್ಮನಿರಬಹುದು. ಆಮೇಲೆ ಒಮ್ಮೆಗೇ ಬಿಡಬಹುದು. ಎಳೆಯ ಕೈಗಳಿಗೆ, ಪಳಗಿದ ಕೈಗಳಿಗೆ ಅದು ಸರಿ. ಹದಿನೆಂಟು ಇಪ್ಪತ್ತು ವರ್ಷ ಈ ಕಾರನ್ನು ಜೋರಾಗಿ ಓಡಿಸದ ಎಪ್ಪತ್ತೊಂದರ ಕೈಗೆ?

ಇದನ್ನು ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಹಿರಿಯರಿಗೆ, ಅದೂ ತಟ್ಟೆಗೆ ಗಂಜಿ ಬಡಿಸಿದವರಿಗೆ, ನಿಮಗೆ ವಯಸ್ಸಾಯಿತು ಎಂದು ಹೇಳುವುದು ಹೇಗೆ? ವೇಗದ ಲೆಕ್ಕವನ್ನಷ್ಟೇ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ನೋಡಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. “ಹಾಗಾದರೆ ಮೊದಲು ಇದ್ದದ್ದೇ ಹಾಕುವ. ಇದೇ ಟಯರ್ ಸಿಗ್ತದಾ ನೋಡು,” ಎಂದರು.

*

ಅದು ಸಿಗುವುದಿಲ್ಲ ಎಂದು ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಅವರ ಟಯರುಗಳು ಏವನ್ ಕಂಪನಿಯವು. ವಿಲ್ಟ್‌ಶೈರಿನ ಮೆಲ್ಕ್‌ಶಮ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ 19ನೇ ಶತಮಾನದ ಕೊನೆಯಿಂದ ರಬ್ಬರಿನ ಕೆಲಸ ನಡೆದಿತ್ತು. 2023ರ ಕೊನೆಯ ಹೊತ್ತಿಗೆ ಅಲ್ಲಿ ಟಯರ್ ತಯಾರಿಕೆ ನಿಂತಿತು. ಮಾವನ ನೆನಪಿನ ಟಯರು ಹುಟ್ಟಿದ ಜಾಗವೇ ಈಗ ಕೆಲಸ ನಿಲ್ಲಿಸಿದೆ.

ಆ ಕಂಪನಿಯ ಹಳೆಯ ಹೆಸರು ‘ಏವನ್ ಇಂಡಿಯಾ ರಬ್ಬರ್ ಕಂಪನಿ’. ಆ ಕಾಲದ ಇಂಗ್ಲಿಷಿನಲ್ಲಿ ರಬ್ಬರಿಗೆ ಇಂಡಿಯಾ ರಬ್ಬರ್ ಎಂದೇ ಹೆಸರು. ನಮ್ಮ ದೇಶದ್ದು ಎಂದಲ್ಲ, ದೂರದ ‘ಇಂಡೀಸ್’ ಕಡೆಯಿಂದ ಬಂದದ್ದು ಎಂದು. ಕಾರ್ಖಾನೆ ಶುರುವಾದಾಗ ಹೆಚ್ಚಿನ ರಬ್ಬರು ಬರುತ್ತಿದ್ದದ್ದು ಬ್ರೆಜಿಲಿನ ಕಾಡುಗಳಿಂದ. ಆಫ್ರಿಕದ ಕಾಂಗೊದಲ್ಲಿ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಆಳ್ವಿಕೆ ರಬ್ಬರಿಗಾಗಿ ಜನರನ್ನು ಹಿಂಸಿಸಿ ಕೊಂದದ್ದೂ ಆ ದಿನಗಳಲ್ಲೇ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದ. ಮೊಳೆತ ಸಸಿಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. ಸಿಲೋನ್ ಅಂದಾಗ ಸುಳ್ಯದವಳಿಗೆ ಬೇರೆಯದೇ ನೆನಪು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಅಲ್ಲಿಂದ ಮರಳಿದ ತಮಿಳು ತೋಟ ಕಾರ್ಮಿಕರಲ್ಲಿ ಕೆಲವರಿಗೆ ನೆಲೆ ಸಿಕ್ಕಿದ್ದು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ. ಅವರ ಮಕ್ಕಳು ನನ್ನ ಶಾಲೆಯಲ್ಲಿದ್ದರು. ಬೆಳಗಿನ ಕತ್ತಲಲ್ಲಿ ಹಣೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಿ ತೊಗಟೆ ಗೀರುವ ಅಮ್ಮಂದಿರು, ಚಿಪ್ಪಿಗೆ ತೊಟ್ಟಿಕ್ಕುವ ಬಿಳಿ ಹಾಲು, ಸ್ಮೋಕ್ ಹೌಸಿನ ವಾಸನೆ ಮೆತ್ತಿದ ಯೂನಿಫಾರಂ.

ರೇಸ್ ಟಯರಿನ ಮೇಲ್ಮೈ ಇಂದು ಬಹುಪಾಲು ಪೆಟ್ರೋಲಿಯಂನಿಂದ ಮಾಡಿದ ಕೃತಕ ರಬ್ಬರು, ನಿಜ. ಆದರೂ ಟಯರ್ ಎಂಬ ವಸ್ತುವಿನೊಳಗೆ ಮರದ ಹಾಲು ಇನ್ನೂ ಇದೆ. ಅದರ ಪಕ್ಕೆಯ ಮೇಲೆ ಕಾರ್ಖಾನೆಯ ಗುರುತಿದೆ, ವಾರವಿದೆ, ವರ್ಷವಿದೆ, ಹೊರುವ ತೂಕ, ತಡೆಯುವ ವೇಗ ಎಲ್ಲ ಇದೆ. ಹಾಲು ಇಳಿಸಿದವರ ಗುರುತು ಮಾತ್ರ ಇಲ್ಲ. ನನ್ನ ಪ್ರಬಂಧಕ್ಕೆಂದು ನಾನು ಓದುವ ತೋಟದ ಲೆಕ್ಕಪುಸ್ತಕಗಳೂ ಹಾಗೇ. ಬೀಜ ಎಷ್ಟು, ಪೌಂಡ್ ಎಷ್ಟು, ಬೆಲೆ ಎಷ್ಟು. ಕೈಗಳು ಇಲ್ಲ. ಯಾವ ಭೂತಕಾಲವನ್ನು ಉಳಿಸಿಕೊಳ್ಳುವುದು ಎಂದು ಮಾವನ ಗ್ಯಾರೇಜಿನಲ್ಲಿ ಕೇಳುತ್ತಿದ್ದ ನಾನು, ಆ ಪ್ರಶ್ನೆಯನ್ನು ನನ್ನ ಅಧ್ಯಾಯಗಳಿಗೆ ಕೇಳಿರಲೇ ಇಲ್ಲ. ಈಗ ಎರಡನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

*

ಕೊನೆಗೆ ಆದ ತೀರ್ಮಾನ ಕೇಳಿದರೆ ಸಪ್ಪೆ ಅನ್ನಿಸಬಹುದು. ರಸ್ತೆಗೂ ಟ್ರ್ಯಾಕಿಗೂ ನಡೆಯುವ ಒಂದು ಸಾಧಾರಣ ರೇಡಿಯಲ್. 13 ಇಂಚಿನ ಚಕ್ರಕ್ಕೆ ಇಂದು ಆಯ್ಕೆಗಳೂ ಕಡಿಮೆ, ಹೊಸ ಕಾರುಗಳೆಲ್ಲ ದೊಡ್ಡ ಚಕ್ರಕ್ಕೆ ಹೋಗಿಬಿಟ್ಟಿವೆ. ಮೂಲ ಅಳತೆಯಷ್ಟೇ ಅಗಲ, ಹೆಚ್ಚು ಮೆದುವಲ್ಲದ ರಬ್ಬರು, ಮಳೆ ಬಂದರೆ ನೀರು ಹೊರಹಾಕುವಷ್ಟು ಗೀರು.

ನನ್ನ ತರ್ಕ ಇಷ್ಟು. 1957ರ ಕ್ರಾಸ್-ಪ್ಲೈ ಈ ಕಾರಿನ ರೂಪಕ್ಕೆ ಹೊಂದುತ್ತದೆ, ಅದರ ಎಲುಬಿಗೆ ಅಲ್ಲ. ಇವತ್ತಿನ ಸೆಮಿ-ಸ್ಲಿಕ್ ಗಡಿಯಾರಕ್ಕೆ ಹೊಂದುತ್ತದೆ, ಓಡಿಸುವವರಿಗೆ ಅಲ್ಲ. 2004ರ ಟಯರು ನೆನಪಿಗೆ ಹೊಂದುತ್ತದೆ, ರಸ್ತೆಗೆ ಅಲ್ಲ. ಉಳಿದದ್ದು 1994. ಗಂಡ ಹೆಂಡತಿ ಸ್ಪ್ಯಾನರ್ ಹಿಡಿದು ಜೋಡಿಸಿದ ಕಾರು ಆ ವರ್ಷ ಸಾಧಾರಣ ರೇಡಿಯಲ್ ಟಯರುಗಳ ಮೇಲೆಯೇ ಗ್ಯಾರೇಜಿನಿಂದ ಹೊರಗೆ ಬಂದಿತ್ತು. ಅದರ ಸಸ್ಪೆನ್ಷನ್ ಕಲಿತ ಭಾಷೆ ಅದು. ಮಾವನ ಕೈ ಕಲಿತದ್ದೂ ಅದೇ.

“ಹಾಗಾದರೆ ನಾವು ಕಟ್ಟಿದ ಕಾರಿಗೇ ಹೋದ ಹಾಗಾಯ್ತು,” ಎಂದರು ಮಾವ. ಆಮೇಲೆ ಚರ್ಚೆ ಇರಲಿಲ್ಲ.

ಜೂನಿನಲ್ಲಿ ಮ್ಯಾಲರಿ ಪಾರ್ಕಿಗೆ ಹೋದೆವು. ಅಲ್ಲಿನ ಜೆರಾರ್ಡ್ಸ್ ಎಂಬ ತಿರುವು ಬಲಕ್ಕೆ ಸುತ್ತುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಕಾರಿನ ಭಾರವೆಲ್ಲ ಎಡಗಡೆಯ ಎರಡು ಅಂಗೈಗಳ ಮೇಲೆ. ಹೆಲ್ಮೆಟ್ ತೊಟ್ಟು ಪಕ್ಕದ ಸೀಟಿನಲ್ಲಿ ಕೂತಿದ್ದೆ. ನೆಲ ಕೈಗೆಟಕುವಷ್ಟು ಹತ್ತಿರ. ನಮ್ಮಂಥದೇ ಕಾರಿಗೆ ಸೆಮಿ-ಸ್ಲಿಕ್ ಹಾಕಿದ್ದ ಒಬ್ಬ ಹುಡುಗ ನಮ್ಮನ್ನು ಮೂರು ಸಲ ದಾಟಿ ಹೋದ. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ಆ ಉದ್ದ ತಿರುವಿನ ನಡುವೆ ಹಿಂದಿನ ಚಕ್ರಗಳು ಮೆಲ್ಲಗೆ ಹೊರಗೆ ಸರಿದವು. ಟಯರು ಸಣ್ಣಗೆ ಕೂಗಿತು. ಮಾವ ಸ್ಟಿಯರಿಂಗನ್ನು ಒಂದಿಷ್ಟು ಸಡಿಲಿಸಿದರು. ಕಾರು ತಾನಾಗಿ ಸಾಲಿಗೆ ಬಂತು.

ಹೊರಗೆ ಬಂದು ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಅವರ ಮುಖ ಕೆಂಪಾಗಿತ್ತು. “ನೋಡಿದೆಯಾ,” ಎಂದರು, “ಹೇಳಿಯೇ ಜಾರಿತು.”

ಗೇಜು ಹಿಡಿದು ನೋಡಿದರೆ 18 ಇದ್ದ ಗಾಳಿ ಬಿಸಿಗೆ 21ಕ್ಕೆ ಏರಿತ್ತು. ಸ್ವಲ್ಪ ಬಿಟ್ಟೆವು. ಮಾವ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕೂ ಚಕ್ರಗಳ ಲೆಕ್ಕ ಬರೆದುಕೊಂಡರು. ಹಿಂದಿನ ಪುಟಗಳಲ್ಲಿ ಬೇರೆ ಕೈಬರಹವಿತ್ತು, ದುಂಡು ಅಕ್ಷರ. ಯಾರದೆಂದು ನಾನು ಕೇಳಲಿಲ್ಲ.

ಹಳೆಯ ಟಯರುಗಳಲ್ಲಿ ಮೂರನ್ನು ಅಂಗಡಿಯವನಿಗೇ ಬಿಟ್ಟಿದ್ದರು. ಒಂದು ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ, 2304 ಎಂಬ ಅಂಕಿ ಕಾಣುವ ಹಾಗೆ. ಅದು ಈಗ ದಾಖಲೆ. ಅಲ್ಲಿ ಎಷ್ಟು ಗಟ್ಟಿಯಾದರೂ ತೊಂದರೆಯಿಲ್ಲ.

ಊರಿಗೆ ಮರಳುವ ಮೊದಲು ಮಾವ ಕಷ್ಟಪಟ್ಟು ಬಗ್ಗಿ ಹೊಸ ಟಯರಿನ ಪಕ್ಕೆಯನ್ನು ತಾವೇ ಓದಿದರು. ನಾಲ್ಕು ಅಂಕಿ: 0825.

“ಹತ್ತು ವರ್ಷ ಅಂತ ಹಿಡಿ,” ಎಂದರು ಎದ್ದು ನಿಂತು, ಸೊಂಟ ಒತ್ತಿಕೊಳ್ಳುತ್ತಾ. “ಇದು ಹಳತಾಗುವಾಗ ನನಗೆ ಎಂಬತ್ತೊಂದು. ಆಗ ಯಾವುದು ಹಾಕುವುದು ಅಂತ ಈಗಲೇ ಓದಿ ಇಟ್ಟಿರು.”